ಮೂರನೇ ಸೀಸನ್ನಿನ ವಕೀಲರು

ನಕಾನೊ ಪೇಟೆಯ ಹಳೇ ಡಿವಿಡಿ ಅಂಗಡಿಯ ಶಿಯೋಮಿಯವರು, ‘ಅಲೆಯ ಕಾವಲುಗಾರರು’ ಎಂಬ ಜಪಾನಿ ಕಾರ್ಟೂನ್ ಧಾರಾವಾಹಿಯ ಮೂರನೇ ಸೀಸನ್ನನ್ನು ಬೈಯಬೇಡಿರೆಂದು ಮೊನ್ನೆ ಸೊಂಟ ಬಗ್ಗಿಸಿ ಕೇಳಿಕೊಳ್ಳುವಾಗ ಅವರ ವಿಗ್ಗು ನನ್ನ ರಾಮೆನ್ ನೂಡಲ್ಸ್ ಸಾರಿನ ಬಟ್ಟಲಿಗೆ ಬಿತ್ತು. ಅದನ್ನು ಹಿಂಡಿ ತಲೆಗಿಟ್ಟುಕೊಂಡು ವಾದ ಮುಂದುವರಿಸಿದರು. “ಯುದ್ಧವೇ ಇಲ್ಲ. ಕಡಲಿಗೆ ಹೋದ ನಾಯಕನಿಗಾಗಿ ಮನೆಯವರು ಅಡುಗೆ ಮಾಡ್ಕೊಂಡು ಕಾಯ್ತಾರೆ, ಅಷ್ಟೇ” ಎಂದು ಯಾರಾದರೂ ಹಳಿದರೆ, “ಕಾಯೋದೇನು ಸುಲಭಾನಾ, ಮರಿ?” ಎನ್ನುತ್ತಾರೆ. ಮೊದಲ ಸೀಸನ್ ಕೊಂಡವರ ಚೀಲಕ್ಕೆ ಮೂರನೆಯದನ್ನು ಪುಕ್ಕಟೆ ತುರುಕುತ್ತಾರೆ. ಶನಿವಾರ ಸಂಜೆ ಬೇಗನೆ ಬಾಗಿಲೆಳೆದು, ತೀರಿಕೊಂಡ ಹೆಂಡತಿ ಯಾಸುಕೊಳ ಫೋಟೋ ಮುಂದೆ ಚಹಾ ಇಟ್ಟು, ಇಬ್ಬರೂ ಕೂಡಿ ನೋಡಿದ್ದ ಅದೇ ಸೀಸನ್ನಿನ ಕಂತುಗಳನ್ನೇ ಮತ್ತೆ ನೋಡುತ್ತಾರೆ. “ಆ ನಾಯಕ ಕೊನೆಗೆ ಮನೆಗೆ ಬರ್ತಾನಾ, ಶಿಯೋಮಿ-ಸಾನ್?” ಎಂದು ಅವತ್ತು ಕೇಳಿದೆ. ವಿಗ್ಗು ಸರಿಮಾಡಿಕೊಂಡರು. “ಗೊತ್ತಿಲ್ಲ. ಕೊನೇ ಕಂತು ನಾವಿನ್ನೂ ನೋಡಿಲ್ಲ.”