ಎಸಿ ಮುಂದೆ ಕೂತ ಗಿಡ

ನಾನು ಸುಳ್ಳು ಹೇಳುವವನಲ್ಲ. ನಿಜ ತೀರಾ ಗಿಡ್ಡವಾಗಿ ಕಂಡರೆ ಅದಕ್ಕೆ ಹೈಹೀಲ್ಸ್ ತೊಡಿಸುತ್ತೇನೆ, ಅಷ್ಟೆ.

ಅಪ್ಪನ ಆಫೀಸಿನ ಇಂಗ್ಲಿಷ್ ಮ್ಯಾನೇಜರ್ ಕುವೈತ್ ಖಲಾಸ್ ಮಾಡಿ ತಮ್ಮೂರಿಗೆ ಹೋಗುವಾಗ ನಮಗೊಂದು ಕುಂಡ ಕೊಟ್ಟರು. ಅದರಲ್ಲೊಂದು ಕಡ್ಡಿ. ಹೆಸರು ವಿಚ್ ಹೇಝಲ್. ಅಮ್ಮ ನನ್ನ ಮೊಡವೆಗೆ ಹಚ್ಚುವ ಬಾಟಲಿ ನೀರು ಇದೇ ಜಾತಿಯ ತೊಗಟೆಯದಂತೆ. ನನ್ನ ಮುಖ ನೋಡಿದವರಿಗೆ ಗಿಡದ ಮೇಲೆ ನಂಬಿಕೆ ಹುಟ್ಟುವುದು ಕಷ್ಟ. ಉಳಿದ ಗಿಡಗಳು ಮುದುಡಿ ಕೂರುವ ಚಳಿಗಾಲದಲ್ಲಿ, ಎಲೆಯೇ ಇಲ್ಲದ ಬೋಳು ಕೊಂಬೆಯಲ್ಲಿ ಇದು ಹೂ ಬಿಡುತ್ತದೆ. ಬೀಜವನ್ನು ಸುಮ್ಮನೆ ಉದುರಿಸುವುದಿಲ್ಲ. ಕಾಯಿ ಪಟ್ಟನೆ ಒಡೆದು ಮೀಟರುಗಟ್ಟಲೆ ದೂರ ಸಿಡಿಸುತ್ತದೆ. ನಾನು ಕ್ಲಾಸಿನಲ್ಲಿ ಹೇಳುವಾಗ ಅದು ನಮ್ಮ ಮನೆಯಿರುವ ರುಮೈಥಿಯಾದಿಂದ ಹತ್ತು ಕಿಲೋಮೀಟರ್ ಆಚೆಯ ಶರ್ಕ್‌ವರೆಗೆ ಹೋಗಿತ್ತು.

ತೊಂದರೆಯೆಂದರೆ ಅದಕ್ಕೆ ಭರ್ತಿ ಚಳಿ ಬೇಕು. ಕುವೈತಿನಲ್ಲಿ ನಂಬಬಹುದಾದ ಚಳಿ ಎಸಿಯದ್ದು. ಹಾಗಾಗಿ ಸೆಖೆಗಾಲವಿಡೀ ಕುಂಡ ನನ್ನ ಕೋಣೆಯ ಎಸಿ ಮುಂದೆ, ನಾನು ಎರಡು ಕಂಬಳಿಯೊಳಗೆ. ಅಮ್ಮನ ಕಣ್ಣು ಮಾತ್ರ ಕುಂಡದ ಮೇಲೆ. ಜನವರಿ ಮುಗಿಯುವುದರೊಳಗೆ ಹೂ ಬರದಿದ್ದರೆ ಕಡ್ಡಿ ಕಿತ್ತು ಬಸಳೆ ನೆಡುವುದೆಂದು ತೀರ್ಪು ಕೊಟ್ಟಳು.

ಅಷ್ಟರಲ್ಲಿ ನಾನು ಕ್ಲಾಸಿನಲ್ಲಿ ನಲವತ್ತು ಹೂ ಅರಳಿಸಿಯಾಗಿತ್ತು. ಜನವರಿಯ ಕೊನೆಯ ಶುಕ್ರವಾರ ನೋಡಲು ಬರುತ್ತೇನೆಂದ ಗೆಳೆಯ ರೋಶನ್, ಜೊತೆಗೆ ಇನ್ನೂ ಮೂವರು. ಆ ವಾರ ನಾನು ಕಡ್ಡಿಯೊಡನೆ ಮಾತಾಡಿದಷ್ಟು ದೇವರೊಡನೆಯೂ ಮಾತಾಡಿಲ್ಲ.

ಶುಕ್ರವಾರ ಬೆಳಿಗ್ಗೆ ಮೊಗ್ಗು ಬಿಚ್ಚಿತು. ಒಂದೇ ಒಂದು. ಮುದ್ದೆ ಮಾಡಿ ಎಸೆದ ರಿಬ್ಬನ್ ಚೂರಿನಂಥ ನಾಲ್ಕು ಹಳದಿ ದಳ. ಚಳಿ ವಿಪರೀತವಾದರೆ ಈ ದಳಗಳು ಒಳಕ್ಕೆ ಸುರುಳಿ ಸುತ್ತಿಕೊಳ್ಳುತ್ತವೆ. ಕಾಲಿಂಗ್ ಬೆಲ್ ಆದಾಗ ನನಗೂ ಹಾಗೇ ಸುತ್ತಿಕೊಳ್ಳಬೇಕೆನಿಸಿತು.

ರೋಶನ್ ಬಗ್ಗಿ ನೋಡಿದ. “ನಲವತ್ತು ಎಲ್ಲಿ ಉಂಟು ಮಾರಾಯ?”

ಶರಬತ್ತು ತಂದ ಅಮ್ಮ ಟ್ರೇ ಇಟ್ಟು ಹೇಳಿದಳು: “ದಳ ಲೆಕ್ಕ ಮಾಡು ಮಗಾ. ನಾಲ್ಕು ಗಿಡದ್ದು. ಸೊನ್ನೆ ಇವನದ್ದು.”

ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ. ಹಾಗೆ ನಕ್ಕರೆ ಜೋಕು ನಮ್ಮದೇ ಅನಿಸುತ್ತದೆ. ಆಮೇಲೆ ಗಮನಿಸಿದೆ, ನಾಲ್ವರೂ ಶರಬತ್ತು ಮರೆತು ಆ ಒಂದು ಹೂವನ್ನೇ ನೋಡುತ್ತಿದ್ದರು. ಬೋಳು ಕಡ್ಡಿಯ ಮೇಲೆ ಒಂದಿದ್ದರೆ ಸಾಕು, ಸೊನ್ನೆ ಬೇಕಾಗಿಯೇ ಇರಲಿಲ್ಲ.

ಕಡ್ಡಿ ಉಳಿಯಿತು. ಅಮ್ಮ ಬಸಳೆಗೆ ಬೇರೆ ಕುಂಡ ತರಿಸಿದಳು. ಅದರಲ್ಲಿ ಈಗ ಎರಡು ಎಲೆ ಇವೆ. ಕ್ಲಾಸಿನಲ್ಲಿ ಅದು ಮೂರನೇ ಮಹಡಿ ದಾಟಿದೆ.