ಜೇಬಿನಲ್ಲಿದ್ದ ಫ್ಯೂಸ್

ಬೀದಿಯವರೆಲ್ಲ ಅವನನ್ನು ಬೆನ್ನ ಹಿಂದೆ ಕರೆಯುತ್ತಿದ್ದದ್ದು 'ಮುಟ್ಬೇಡ' ಎಂದು. ಮೂವತ್ತೊಂದು ವರ್ಷ ಕರೆಂಟಿನ ಕಂಬ ಹತ್ತಿದ ಲೈನ್‌ಮ್ಯಾನ್ ಅವನು. ನಿವೃತ್ತನಾದ ಮೇಲೆ ಮನೆಯ ಬಲ್ಬನ್ನು ಕೂಡ ತಾನಾಗಿ ಬದಲಾಯಿಸಿದವನಲ್ಲ. ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಬೇಡ, ಇಸ್ತ್ರಿಪೆಟ್ಟಿಗೆಯ ವೈರು ಮುಟ್ಬೇಡ, ಮಳೆಯಲ್ಲಿ ಕಂಬ ಮುಟ್ಬೇಡ. ಎದುರು ಕಟ್ಟಡದ ಮಹಡಿಯಲ್ಲಿದ್ದ ಟೇಲರ್ ಅಂತೂ ಮುಖಕ್ಕೇ ಹೇಳುತ್ತಿದ್ದ: "ಯಜಮಾನ್ರೇ, ಟೇಪು ಹಿಡಿದ್ರೂ ಮುಟ್ಬೇಡ ಅಂತೀರಾ? ನಿಮ್ಮ ಅಂಗಿ ಕಣ್ಣಳತೇಲೇ ಹೊಲೀಲಾ?"

ಅವನು ನಗುತ್ತಿರಲಿಲ್ಲ. ಹಾವು ಕಡಿದವನಿಗೆ ಹಗ್ಗ ಕಂಡರೂ ಭಯ ಎನ್ನುತ್ತಾರಲ್ಲ, ಹಾಗೆ. ನಿವೃತ್ತಿಗೆ ಎರಡು ವರ್ಷ ಇರುವಾಗ ಅವನ ಜೊತೆಗಾರ ಕಂಬದ ಮೇಲೇ ಸತ್ತಿದ್ದ. ಟ್ರಾನ್ಸ್‌ಫಾರ್ಮರಿನ ಫ್ಯೂಸ್ ಕಿತ್ತು, ಬೇರೆ ಯಾರೂ ಹಾಕಿಬಿಡದಿರಲಿ ಎಂದು ತನ್ನ ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು, "ಹತ್ತಪ್ಪಾ" ಎಂದವನು ಇವನೇ. ಆದರೆ ಅತ್ತ ಹಿಟ್ಟಿನ ಗಿರಣಿಯವನು ಕರೆಂಟು ಹೋಯಿತೆಂದು ಜನರೇಟರ್ ಹಚ್ಚಿದ. ಗಿರಣಿಯ ಮೇನ್ ಸ್ವಿಚ್ಚು ಆಫ್ ಆಗಿರಲಿಲ್ಲ. ಜನರೇಟರಿನ ಕರೆಂಟು ಹಿಮ್ಮುಖವಾಗಿ ಲೈನಿಗೇ ಹರಿಯಿತು. ಜೊತೆಗಾರನನ್ನು ಕೆಳಗಿಳಿಸುವಾಗಲೂ ಆ ಪಿಂಗಾಣಿಯ ಫ್ಯೂಸ್ ಎದೆಗೆ ಒತ್ತುತ್ತಲೇ ಇತ್ತು. ವಿಚಾರಣೆಯಲ್ಲಿ ಇವನದೇನೂ ತಪ್ಪಿಲ್ಲ ಎಂದರು. ತಪ್ಪಿಲ್ಲದೆಯೂ ಒಬ್ಬ ಸಾಯಬಹುದು ಎಂಬುದೇ ಅವನ ನಿದ್ದೆ ಕೆಡಿಸಿದ ಸಂಗತಿ. ಆ ಫ್ಯೂಸನ್ನು ಅವನು ಇಲಾಖೆಗೆ ವಾಪಸು ಕೊಡಲೇ ಇಲ್ಲ. ಅದು ಮನೆಯ ಕಪಾಟಿನಲ್ಲಿ ಬಟ್ಟೆ ಸುತ್ತಿಕೊಂಡು ಕೂತಿತ್ತು.

ಮನೆಯಲ್ಲಿ ಇದ್ದವರು ಇಬ್ಬರೇ, ಅಣ್ಣ ಮತ್ತು ತಂಗಿ. ತಂಗಿ ಇಪ್ಪತ್ತಾರು ವರ್ಷದಿಂದ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತವಳು. ಐವತ್ತೆರಡನೆಯ ವಯಸ್ಸಿನಲ್ಲಿ ಅವಳಿಗೆ ಮನೆಯಲ್ಲೇ ಕೂತು ದೂರದೂರದವರ ಜೊತೆ ಮಾತಾಡುವ ಹ್ಯಾಮ್ ರೇಡಿಯೋದ ಹುಚ್ಚು ಹತ್ತಿತು. ಕಾಲೇಜು ಹುಡುಗಿಯರ ಪಕ್ಕದಲ್ಲಿ ಕೂತು ಪರೀಕ್ಷೆ ಬರೆದಳು. "ಡಾಕ್ಟರ ಕೋಳಿಕಾಲು ಅಕ್ಷರ ಓದಿದವಳಿಗೆ ಈ ಚುಕ್ಕೆ-ಗೀಟು ಏನ್ ಮಹಾ" ಎಂದು ಮೋರ್ಸ್ ಕೋಡೂ ಕಲಿತಳು. ಲೈಸೆನ್ಸು ಬಂತು. ಹಳೆಯ ಸೆಟ್ಟೊಂದು ಬಂದು ಮೇಜಿನ ಮೇಲೆ ಕೂತಿತು. ಆಂಟೆನಾ ಇಲ್ಲದ ಸೆಟ್ಟು ಬಾಯಿ ಕಟ್ಟಿದ ಹಾಗೆ ಬರೀ ಬುಸುಗುಟ್ಟುತ್ತಿತ್ತು.

"ಅಣ್ಣ, ಒಂದು ಜೋಡಿ ತಂತಿ, ಅಷ್ಟೇ. ನಡುವೆ ಒಂದೇ ಕಡೆ ಕೂಡುತ್ತೆ. ನೀನಾದ್ರೆ ಅರ್ಧ ದಿನದಲ್ಲಿ ಕಟ್ಟಿಬಿಡ್ತೀಯ."

"ಮುಂದಿನ ವಾರ ನೋಡೋಣ. ಮಂಡಿ ನೋವು."

"ನಿನ್ನ ಮಂಡಿಗೆ ಪ್ರತಿ ಭಾನುವಾರ ಮಾತ್ರ ನೋವು ಬರುತ್ತಾ? ಮಾತ್ರೆ ಕೊಡೋಳು ನಾನೇ, ನೆನಪಿರಲಿ."

ಹೀಗೆ ನಾಲ್ಕು ಭಾನುವಾರ ಕಳೆದವು. ಹೆದರಿಕೆ ಎಂದು ಬಾಯಿಬಿಟ್ಟು ಹೇಳಲು ಅವನಿಗೆ ಆಗಲಿಲ್ಲ. ಹೇಳಿದ್ದರೆ ಮುಂದಿನದು ಆಗುತ್ತಿರಲಿಲ್ಲವೇನೋ.

ಐದನೆಯ ಭಾನುವಾರ ಅವನು ತರಕಾರಿ ತರಲು ಹೋದಾಗ ತಂಗಿ ಟೇಲರನನ್ನು ಕರೆದಳು. ಟೇಲರ್ ತನ್ನ ಟೇಪಿನಲ್ಲೇ ತಂತಿ ಅಳೆದುಕೊಟ್ಟ. "ಎಡಕ್ಕೆ ಹತ್ತು ಮೀಟ್ರು, ಬಲಕ್ಕೆ ಹತ್ತು. ಪ್ಯಾಂಟಿಗೆ ಎರಡು ಕಾಲಿದ್ದ ಹಾಗೆ ಅಂತೀರಲ್ಲ, ಆಯ್ತು ಬಿಡಿ." ಆದರೆ ಇವರ ತಾರಸಿ ಇದ್ದದ್ದೇ ಒಂಬತ್ತು ಮೀಟರು. ಆಗ ಇಬ್ಬರಿಗೂ ಹೊಳೆದದ್ದು ಒಂದೇ: ಇನ್ನೊಂದು ತುದಿ ರಸ್ತೆಯಾಚೆ ಟೇಲರನ ಕಟ್ಟಡಕ್ಕೆ ಕಟ್ಟಿದರಾಯಿತು! ನೈಲಾನ್ ದಾರಕ್ಕೆ ಒಂದು ಬೋಲ್ಟು ಕಟ್ಟಿ ಅತ್ತ ಎಸೆದರು. ಟೇಲರ್ ಆಚೆ ತಾರಸಿಗೆ ಹೋಗಿ ದಾರ ಎಳೆಯತೊಡಗಿದ. ದಾರದ ಹಿಂದೆ ತಾಮ್ರದ ತಂತಿ ಹೊರಟಿತು. ಕೆಳಗೆ, ಬೀದಿಯ ಉದ್ದಕ್ಕೂ, ಕರೆಂಟಿನ ನಾಲ್ಕು ಬತ್ತಲೆ ತಂತಿಗಳು.

ಅಣ್ಣ ಬೀದಿಯ ತಿರುವಿನಲ್ಲಿ ತಲೆಯೆತ್ತಿದ. ಕೈಯ ಚೀಲ ಜಾರಿತು, ಈರುಳ್ಳಿ ಚರಂಡಿಯತ್ತ ಉರುಳಿದವು.

ಎರಡು ಮಾರು ತಂತಿ ತಾರಸಿಯ ಮೋಟುಗೋಡೆ ದಾಟಿ ಆಗಲೇ ಹೊರಬಂದಿತ್ತು. ದಾರಕ್ಕೆ ಕಟ್ಟಿದ ಅದರ ಗಂಟು ರಸ್ತೆ ದಾಟಿದ್ದ ಟಿ.ವಿ. ಕೇಬಲ್ಲಿಗೆ ಸಿಕ್ಕಿಕೊಂಡು ನಿಂತಿತ್ತು. ಅಲ್ಲಿಂದ ಲೈನಿಗೆ ಬರೀ ಒಂದು ಮೊಳ. ತಂಗಿ ಇತ್ತ ತುದಿ ಬರಿಗೈಯಲ್ಲಿ ಹಿಡಿದಿದ್ದಳು. ಟೇಲರ್ ಅತ್ತ ಕಾಲೂರಿ ಜಗ್ಗಲು ತಯಾರಾಗಿದ್ದ.

"ಎಳೀಬೇಡ!" ಅಣ್ಣ ಕಿರುಚಿದ. ಗಾಬರಿಯಲ್ಲಿ ತಂಗಿಯ ಕೈ ಸಡಿಲವಾಯಿತು, ತಂತಿ ಒಂದು ಗೇಣು ಜೋತಿತು. "ಬಿಡಬೇಡ! ಬಿಡಬೇಡ ಕಣೇ! ಇಬ್ರೂ ಹಾಗೇ ಹಿಡ್ಕೊಳ್ಳಿ. ಉಸಿರು ಬಿಡಿ, ಕೈ ಬಿಡಬೇಡಿ!"

ಜೀವಮಾನವಿಡೀ ಮುಟ್ಬೇಡ ಎಂದ ಬಾಯಲ್ಲಿ ಈ ಮಾತು ಬಂದದ್ದು ಯಾರ ಗಮನಕ್ಕೂ ಬರಲಿಲ್ಲ. ಎಳೆದರೆ ಗಂಟು ಕಿತ್ತುಬಂದು ತಂತಿ ಲೈನಿಗೆ ಹಾರುತ್ತದೆ. ಬಿಟ್ಟರೆ ತಾನಾಗಿ ಬೀಳುತ್ತದೆ. ಎಲ್ಲಿಗಾದರೂ ಕಟ್ಟೋಣವೆಂದರೆ ಕಟ್ಟುವಷ್ಟರಲ್ಲಿ ಒಂದು ಗೇಣು ಸಡಿಲವಾದರೂ ಸಾಕು. ಆ ತಂತಿಯ ಇನ್ನೊಂದು ತುದಿ ತಂಗಿಯ ಮುಷ್ಟಿಯಲ್ಲಿತ್ತು.

ಅವನು ಡ್ಯೂಟಿಯಲ್ಲಿದ್ದ ಲೈನ್‌ಮ್ಯಾನ್‌ಗೆ ಫೋನು ಮಾಡಿದ. ಒಂದು ಕಾಲದಲ್ಲಿ ಇವನ ಕೈಕೆಳಗೆ ಕೆಲಸ ಕಲಿತವನು. "ಗುರುಗಳೇ, ಹತ್ತು ನಿಮಿಷ" ಎಂದ.

ಅಣ್ಣ ಮೆಟ್ಟಿಲು ಹತ್ತಿ ತಾರಸಿಗೆ ಬಂದ. ಮೋಡ ಕವಿದಿತ್ತು. ತಾರಸಿಯ ಮೇಲೆ ಒಂದು ಹನಿ ಬಿತ್ತು, ಇನ್ನೊಂದು ಬಿತ್ತು. ತಂಗಿ ಬರಿಗಾಲಿನಲ್ಲಿ ನಿಂತಿದ್ದಳು. ಅವಳನ್ನು ಮುಟ್ಟಲು ಅವನಿಗೆ ಧೈರ್ಯ ಬರಲಿಲ್ಲ. ತನ್ನ ರಬ್ಬರ್ ಚಪ್ಪಲಿ ಬಿಚ್ಚಿ, ಪೊರಕೆಯ ಹಿಡಿಯಿಂದ ಅವಳ ಪಾದದ ಹತ್ತಿರ ತಳ್ಳಿದ.

"ಮೆಟ್ಕೋ. ಒಂದೊಂದೇ ಕಾಲು. ಮೇಲೆ ನೋಡ್ತಾ ಇರು."

"ಅಣ್ಣ, ಕೈ ನಡುಗ್ತಾ ಇದೆ."

"ನಡುಗಲಿ. ಮುಷ್ಟಿ ಬಿಚ್ಚಬಾರದು, ಅಷ್ಟೇ."

"ನಿನ್ನ ಕೈಯೂ ನಡುಗ್ತಾ ಇದೆಯಲ್ಲೋ."

"ಹೂಂ" ಎಂದ. "ನಾಲ್ಕು ವಾರದಿಂದಲೂ ಹಾಗೇ. ಮಂಡಿ ನೋವಲ್ಲ ಅದು."

ತಂಗಿ ಮೇಲೆಯೇ ನೋಡುತ್ತಿದ್ದಳು.

ಆಚೆಯಿಂದ ಟೇಲರ್ ಕೂಗಿದ: "ಯಜಮಾನ್ರೇ, ನನ್ನ ಮೂಗು ಕೆರೀತಾ ಇದೆ, ಏನ್ ಮಾಡ್ಲಿ?"

"ಕೆರೀಲಿ ಬಿಡು, ಕೈ ಬಿಟ್ರೆ ಮೂಗೂ ಉಳಿಯಲ್ಲ!"

ಕೊನೆಗೂ ಬೀದಿ ತುದಿಯ ಟ್ರಾನ್ಸ್‌ಫಾರ್ಮರಿನ ಬಳಿ ಸ್ಕೂಟರು ನಿಂತಿತು. ಬೀದಿಯ ಫ್ಯಾನು, ಟಿ.ವಿ. ಎಲ್ಲ ಒಟ್ಟಿಗೇ ಸುಮ್ಮನಾದವು. ಕಿರಿಯ ಲೈನ್‌ಮ್ಯಾನ್ ಮನೆಯ ಕೆಳಗೆ ಬಂದು ನಿಂತು, ಎದೆಯ ಜೇಬು ತಟ್ಟಿ ತೋರಿಸಿದ.

"ನೀವು ಕಲಿಸಿದ್ದೇ ಗುರುಗಳೇ. ಫ್ಯೂಸ್ ನನ್ನ ಜೇಬಲ್ಲಿದೆ. ಇನ್ನು ಧೈರ್ಯವಾಗಿ ಎಳ್ಕೊಳ್ಳಿ."

ಟೇಲರ್ "ಅಬ್ಬಾ" ಎಂದ. ತಂಗಿ ತಂತಿ ಸೆಳೆಯಲು ಕೈ ಮುಂದೆ ಮಾಡಿದಳು.

ಜೇಬು ತಟ್ಟಿದ್ದನ್ನು ಕಂಡ ಅಣ್ಣ ಥಟ್ಟನೆ ಎದುರು ಕಟ್ಟಡದತ್ತ ತಿರುಗಿದ. ಟೇಲರನ ಕಟ್ಟಡದ ನೆಲಮಹಡಿಯಲ್ಲಿ ಮುದ್ರಣಾಲಯವಿತ್ತು. ಮುದ್ರಣಾಲಯದಲ್ಲಿ ಜನರೇಟರ್ ಇತ್ತು.

"ತಡಿ! ನಾನು ಹೇಳೋ ತನಕ ಅಲ್ಲಾಡಬೇಡ!"

ನಾಲ್ಕು ಭಾನುವಾರ ನೋವೆಂದ ಮಂಡಿ ಮೂವತ್ತು ಮೆಟ್ಟಿಲನ್ನು ಹೇಗಿಳಿಯಿತೋ ಮಂಡಿಗೇ ಗೊತ್ತು. ಬರಿಗಾಲಿನಲ್ಲಿ ರಸ್ತೆ ದಾಟಿ ಒಳನುಗ್ಗಿದ. ಮುದ್ರಣಾಲಯದವನು ಕತ್ತಲಲ್ಲಿ ಜನರೇಟರಿನ ಮೇಲೆ ಬಾಗಿ, ಅದನ್ನು ಎಳೆದು ಹಚ್ಚುವ ಹಗ್ಗದ ಹಿಡಿಯನ್ನು ಕೈಗೆ ತೆಗೆದುಕೊಂಡಿದ್ದ.

"ಮುಟ್ಬೇಡ!"

"ಬಂದ್ರಪ್ಪಾ ನಮ್ಮ ಮುಟ್ಬೇಡ" ಎಂದು ಅವನು ನಕ್ಕ. "ನಾಳೆ ಬೆಳಿಗ್ಗೆ ಕರಪತ್ರ ಕೊಡಬೇಕು ಸ್ವಾಮಿ, ಬಿಡಿ."

ಅಣ್ಣ ಮಾತಾಡದೆ ಗೋಡೆಯತ್ತ ಬೆರಳು ತೋರಿಸಿದ. ಮೇನ್ ಸ್ವಿಚ್ಚಿನ ಹಿಡಿ ಮೇಲಕ್ಕೇ ಇತ್ತು, ಆನ್. ಜನರೇಟರಿನ ವೈರು ನೇರವಾಗಿ ಗೋಡೆಯ ಸಾಕೆಟ್ಟಿಗೆ ಚುಚ್ಚಿತ್ತು. ಮುದ್ರಣಾಲಯದವನು ಅದನ್ನು ನೋಡಿದ, ಬಾಗಿಲಾಚೆ ರಸ್ತೆಯ ಮೇಲೆ ತೂಗುತ್ತಿದ್ದ ತಂತಿಯನ್ನು ನೋಡಿದ. ಹಗ್ಗದ ಹಿಡಿ ತಾನಾಗಿ ಅವನ ಕೈಯಿಂದ ಬಿತ್ತು.

"ಆಫ್ ಮಾಡ್ಲಿಕ್ಕೆ ಮರ್ತೆ... ದಿನಾ ಮಾಡ್ತೀನಿ ಸ್ವಾಮಿ, ಇವತ್ತೊಂದೇ..."

"ಅವತ್ತೂ ಒಂದೇ ದಿನ ಮರೆತಿದ್ದು" ಎಂದ ಅಣ್ಣ. ನಿವೃತ್ತನಾದ ಎಂಟು ವರ್ಷದಲ್ಲಿ ಮೊದಲ ಸಲ ಅವನು ಒಂದು ಮೇನ್ ಸ್ವಿಚ್ಚಿಗೆ ಕೈ ಹಾಕಿದ. ಹಿಡಿಯನ್ನು ಕೆಳಕ್ಕೆ ತಂದು, ವೈರನ್ನು ಸಾಕೆಟ್ಟಿನಿಂದ ಕಿತ್ತು ಎದೆಗೊತ್ತಿ ಹಿಡಿದು ಬಾಗಿಲಿಗೆ ಬಂದು ಕೂಗಿದ: "ಈಗ ಎಳ್ಕೋ!"

ತಂಗಿ ಎಳೆದುಕೊಂಡಳು. ಆಚೆಯಿಂದ ಟೇಲರ್ ದಾರ ಬಿಡುತ್ತ ಬಂದ. ಗಂಟು ಕೇಬಲ್ಲಿನಿಂದ ಕಳಚಿ ತಂತಿ ಲೈನಿನ ಮೇಲೆಯೇ ಬಿತ್ತು, ಅದನ್ನು ಸವರಿಕೊಂಡೇ ಮನೆ ಸೇರಿತು. ಏನೂ ಆಗಲಿಲ್ಲ. ಅದನ್ನು ಕಂಡ ಮುದ್ರಣಾಲಯದವನು ಕಾಗದದ ಕಟ್ಟಿನ ಮೇಲೆ ಕುಸಿದು ಕೂತ.

ಮುಂದಿನ ಭಾನುವಾರ ಆಂಟೆನಾ ಕಟ್ಟಿದವನು ಅಣ್ಣನೇ. ರಸ್ತೆಯ ಕಡೆಗೆ ಒಂದು ಇಂಚೂ ಹೋಗಗೊಡಲಿಲ್ಲ. ಹಿಂಬದಿಯ ತಾರಸಿಯಲ್ಲಿ ಬಿದಿರಿನ ಗಳು ನೆಟ್ಟು, ತಂತಿಯ ನಡುಭಾಗವನ್ನು ಅದರ ತುದಿಗೇರಿಸಿ, ತಂತಿಯ ಎರಡೂ ತುದಿಗಳನ್ನು ಹಿತ್ತಲಿನ ಎರಡು ಮೂಲೆಗೆ ಇಳಿಜಾರಾಗಿ ಕಟ್ಟಿದ, ಯಾರ ಕೈಗೂ ಎಟುಕದಷ್ಟು ಎತ್ತರದಲ್ಲಿ. ಪ್ರತಿ ಗಂಟನ್ನೂ ಎರಡೆರಡು ಸಲ ಜಗ್ಗಿ ನೋಡಿದ. ತಂಗಿ ಕೆಳಗಿನಿಂದ ಏಣಿ ಹಿಡಿದು ನಿಂತಳು, ಬೇಗ ಮಾಡು ಎಂದು ಒಮ್ಮೆಯೂ ಅನ್ನಲಿಲ್ಲ. ಒಂದು ತುದಿಯಲ್ಲಿ ತಂತಿ ಮತ್ತು ದಾರದ ನಡುವೆ ಕರೆಂಟು ಹರಿಯದ ತುಂಡೊಂದು ಬೇಕಾಯಿತು. ಅವನು ಕಪಾಟಿನ ಬಟ್ಟೆಗಂಟು ಬಿಚ್ಚಿ, ಹಳೆಯ ಫ್ಯೂಸಿನ ಲೋಹದ ಭಾಗಗಳನ್ನು ಕಿತ್ತು, ಪಿಂಗಾಣಿಯನ್ನಷ್ಟೇ ಅಲ್ಲಿ ಕಟ್ಟಿದ.

ಸಂಜೆ ಸೆಟ್ಟು ಬುಸುಗುಟ್ಟಿ ಬುಸುಗುಟ್ಟಿ, ಥಟ್ಟನೆ ಒಬ್ಬ ಗಂಡಸಿನ ದನಿ ಬಂತು. ಸಮುದ್ರದಾಚೆಯವನು. ತಂಗಿಯ ಕರೆಗೆ ಉತ್ತರ ಕೊಡುತ್ತಿದ್ದ. ಅವಳು ಮೈಕು ಒತ್ತಿಹಿಡಿದು ಅಣ್ಣನ ಕಡೆ ತಿರುಗಿದಳು. ಅವನು ಬಾಗಿಲ ಬಳಿ, ಮೇನ್ ಸ್ವಿಚ್ಚಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ.

"ಅಣ್ಣ, ತಂತಿ ಕಟ್ಟಿದೋನು ನೀನು. ಏನಾದ್ರೂ ಹೇಳ್ತೀಯಾ ಅವ್ರಿಗೆ?"

ಅಣ್ಣ ಯೋಚಿಸಿದ.

"ಅವರ ಮನೆ ತಂತಿ ಕರೆಂಟ್ ಲೈನಿಂದ ಎಷ್ಟು ದೂರ ಇದೆ ಅಂತ ಮೊದಲು ಕೇಳು" ಎಂದ.