ಸಾಲಿನಲ್ಲಿ ನಾಲ್ಕನೆಯ ಜಾಗ

ಮೊನ್ನೆ ಅಬುಧಾಬಿಯ ಮುಸಫ್ಫಾದ ಟೈರ್ ಅಂಗಡಿಯಲ್ಲಿ ಕಾರು ಬಿಟ್ಟು ಕಾಯುತ್ತಿದ್ದೆ. ಬಿಸಿಲಿಗೆ ಕಾದ ಹಳೆಯ ಟೈರುಗಳ ರಾಶಿಯಿಂದ ರಬ್ಬರಿನ ವಾಸನೆ ಬಂತು. ಬೇರೆಯವರಿಗೆ ಅದು ಮೂಗು ಮುಚ್ಚಿಕೊಳ್ಳುವ ವಾಸನೆ. ನನಗೆ ಅಂಗೈ ಉರಿದಂತಾಯಿತು… ನಾನು ಚೆಂಡೆ ಕಲಿತದ್ದು ಟೈರಿನ ಮೇಲೆ. ಕಲಿಸಿದವರು ಭಾವ.

ಭಾವ ಎಂದರೆ ನನ್ನ ಅಕ್ಕನ ಗಂಡ ಅಲ್ಲ. ಖಾಲಿದಿಯಾದ ಒಂದು ಆಸ್ಪತ್ರೆಯಲ್ಲಿ ಸ್ಟೋರ್‌ಕೀಪರ್ ಆಗಿದ್ದವರು. ಅಬುಧಾಬಿಯಲ್ಲಿದ್ದ ನಮ್ಮ ಕಡೆಯವರಿಗೆಲ್ಲ ಭಾವ. ತಮ್ಮ ಚೆಂಡೆ ತಂಡಕ್ಕೆ ಜನ ಹಿಡಿಯಲು ಅವರು ಸೂಪರ್‌ಮಾರ್ಕೆಟ್ಟಿನ ಕುಚ್ಚಲಕ್ಕಿ ಚೀಲಗಳ ಹತ್ತಿರ ಟ್ರಾಲಿ ಹಿಡಿದು ನಿಲ್ಲುತ್ತಿದ್ದರು. ಅದಕ್ಕೆ ಕೈ ಹಾಕಿದವರು ಕರಾವಳಿಯವರೇ ಎಂಬ ನಂಬಿಕೆ. ಎಷ್ಟೋ ಸಲ ಮಲಯಾಳಿಗಳು ಸಿಕ್ಕಿ ಪೇಚಾಡಿದ್ದೂ ಉಂಟು. ನಾನು ಸಿಕ್ಕಿಬಿದ್ದದ್ದು ಅಲ್ಲೇ. ಹೋಟೆಲಿನ ರಿಸೆಪ್ಶನ್ ಕೆಲಸಕ್ಕೆಂದು ಬಂದು ಎರಡು ತಿಂಗಳಾಗಿತ್ತು. ಗುರುತಿನವರು ಯಾರೂ ಇರಲಿಲ್ಲ.

"ಊರು ಓಲು?" ಎಂದು ತುಳುವಿನಲ್ಲಿ ಊರು ಕೇಳಿದರು. ಕಾರ್ಕಳ ಎಂದೆ.

"ಚೆಂಡೆ ಬಾರಿಸ್ಲಿಕ್ಕೆ ಬರ್ತದಾ?"

"ಇಲ್ಲ."

"ಒಳ್ಳೇದಾಯ್ತು. ಬೇರೆಯವರು ಕಲಿಸಿದ್ದನ್ನು ಮರೆಸುವ ಕೆಲಸ ಇಲ್ಲ. ಶುಕ್ರವಾರ ಬಾ ಮಾರಾಯ."

ಆಗ ವಾರದ ರಜೆ ಶುಕ್ರವಾರ. ಖಲೀಫಾ ಸಿಟಿಯಲ್ಲಿ ಪರಿಚಯದವರೊಬ್ಬರ ವಿಲ್ಲಾದ ಹಿತ್ತಲಲ್ಲಿ ಟೈರುಗಳನ್ನು ಸಾಲಾಗಿ ಇಟ್ಟಿರುತ್ತಿದ್ದರು. ಅಕ್ಕಪಕ್ಕದವರಿಗೆ ತೊಂದರೆಯಾಗಬಾರದೆಂದು ಹೊಸಬರೆಲ್ಲ ಆರು ತಿಂಗಳು ಟೈರಿಗೇ ಬಡಿಯಬೇಕಿತ್ತು. ಆಮೇಲೆ ಚೆಂಡೆ.

ದುಬೈಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಚೆಂಡೆ ಸ್ಪರ್ಧೆಯಲ್ಲಿ ನಮ್ಮ ಎದುರಾಳಿ ಅಲ್ಲಿಯ ಒಂದು ತಂಡ. ಅವರು ಚೆನ್ನಾಗಿ ಬಾರಿಸುವವರು ಎಲ್ಲಿದ್ದರೂ ಹುಡುಕಿ ಕರೆತರುತ್ತಿದ್ದರು. ಭಾವನದು ಬೇರೆ ಹಟ. ತಂಡ ಅಬುಧಾಬಿಯಲ್ಲಿ ಇರುವವರದ್ದು. ಇಲ್ಲಿಯವನು ಎಷ್ಟೇ ದಡ್ಡನಾದರೂ ಕಲಿಸದೆ ಬಿಡುವುದಿಲ್ಲ. ಇನ್ನೊಂದು ಕಟ್ಟುನಿಟ್ಟು ಇತ್ತು. ಹನ್ನೆರಡು ಜನರ ಸಾಲಿನಲ್ಲಿ ಜಾಗ ಸಿಕ್ಕಿದ ಮೇಲೆ ಅದು ಅವನದೇ. ಬಿಡುವುದಾದರೆ ಭಾವನ ಎದುರು ಬಂದು ಹೇಳಿ, ಕೋಲು ಅವರ ಕೈಗೆ ಕೊಟ್ಟು ಹೋಗಬೇಕು. ಅಲ್ಲಿಯ ತನಕ ಆ ಜಾಗದಲ್ಲಿ ಬೇರೆಯವರು ನಿಲ್ಲುವ ಹಾಗಿಲ್ಲ. ಗಲ್ಫಿನಲ್ಲಿ ಎಷ್ಟೋ ಜನ ಹೇಳದೆ ಕೇಳದೆ ಮಾಯವಾಗುತ್ತಾರೆ, ನಮ್ಮಲ್ಲಿ ಹಾಗಾಗಬಾರದು ಎನ್ನುತ್ತಿದ್ದರು. ನನ್ನದು ಎಡದಿಂದ ನಾಲ್ಕನೆಯ ಜಾಗ.

ಮೂರು ವರ್ಷ ಅಲ್ಲಿ ನಿಂತೆ. ಮೂರು ವರ್ಷವೂ ಸೋತೆವು. ಕೈ ಪಳಗಿತ್ತು, ತಲೆಯೂ ಸ್ವಲ್ಪ ತಿರುಗಿತ್ತು. ದುಬೈ ತಂಡದವರು ನಡುವಿನ ಜಾಗ ಕೊಡುತ್ತೇವೆಂದು ಫೋನ್ ಮಾಡಿದಾಗ ಒಂದು ದಿನವೂ ಯೋಚಿಸದೆ ಒಪ್ಪಿಕೊಂಡೆ. ಭಾವನಿಗೆ ಹೇಳುವ ಧೈರ್ಯ ಮಾತ್ರ ಬರಲಿಲ್ಲ. ಶುಕ್ರವಾರ ಡ್ಯೂಟಿ ಹಾಕಿದ್ದಾರೆ ಎಂದು ಸುಳ್ಳು ಹೇಳಿದೆ.

"ಡ್ಯೂಟಿ ಮುಖ್ಯ. ಬಿಟ್ಟಾಗ ಬಾ," ಎಂದರು.

ಸ್ಪರ್ಧೆಯ ದಿನ ದುಬೈಯ ಸಭಾಂಗಣದಲ್ಲಿ ಪರದೆಯ ಬದಿಯಿಂದ ನೋಡುತ್ತಿದ್ದೆ. ನನ್ನ ಹಳೆಯ ತಂಡ ವೇದಿಕೆಗೆ ಬಂತು. ಎಣಿಸಿದರೆ ಹನ್ನೊಂದೇ ಜನ. ಎಡದಿಂದ ಮೂವರು, ಆಮೇಲೆ ಒಬ್ಬ ನಿಲ್ಲುವಷ್ಟು ಖಾಲಿ ಜಾಗ, ಆಮೇಲೆ ಉಳಿದವರು. ಟೈರಿನಲ್ಲಿ ಕಲಿತು ತಯಾರಾದವರು ಇಬ್ಬರು ಕೆಳಗೆ ಕುರ್ಚಿಯಲ್ಲಿ ಕೂತಿದ್ದರು. ಅವರಲ್ಲಿ ಒಬ್ಬನನ್ನು ಹಾಕಿ ಎಂದು ಎಲ್ಲರೂ ಬೇಡಿಕೊಂಡಿದ್ದರಂತೆ. "ಅವ ಹೋಗ್ತೇನೆ ಅಂತ ಹೇಳ್ಲಿಲ್ಲ ಅಲ್ವಾ," ಎಂದು ಭಾವ ಒಪ್ಪಲಿಲ್ಲವಂತೆ.

ಆ ವರ್ಷ ಅವರು ಹಿಂದೆಂದೂ ಬಾರಿಸದ ಹಾಗೆ ಬಾರಿಸಿದರು. ತೀರ್ಪುಗಾರರು ಸಾಲು ಪೂರ್ತಿಯಿಲ್ಲ ಎಂದು ಅಂಕ ಕಳೆದರು. ಗೆದ್ದದ್ದು ನಾವು. ನಾವು ಎಂದರೆ… ದುಬೈಯವರು.

ಹೊರಗೆ ಹೋಗುವ ಬಾಗಿಲಲ್ಲಿ ಭಾವ ಎದುರಾದರು. ನನ್ನ ಮೈಮೇಲೆ ಆ ತಂಡದ ಕೆಂಪು ಅಂಗಿ. ಬೈಯಲಿ ಎಂದು ಕಾದೆ.

"ಡ್ಯೂಟಿ ಬಿಟ್ಟರಾ?" ಎಂದು ಕೇಳಿದರು.

"ಹೂಂ ಭಾವ," ಎಂದೆ. ಅಷ್ಟೇ.

ಬೈದಿದ್ದರೆ ನಾನು ಕಾಲು ಹಿಡಿಯುತ್ತಿದ್ದೆನೋ ಏನೋ. ಆಮೇಲೆ ಚೆಂಡೆಯ ಮೇಲೆ ಮನಸ್ಸು ನಿಲ್ಲಲಿಲ್ಲ. ಮರುವರ್ಷ ದುಬೈಯವರಿಗೆ ನನಗಿಂತ ಒಳ್ಳೆಯ ಕೈ ಸಿಕ್ಕಿತು. ಅಷ್ಟರಲ್ಲಿ ಭಾವ ಕೆಲಸ ಮುಗಿಸಿ ಊರಿಗೆ ಹೊರಟರು. ವಿಮಾನ ನಿಲ್ದಾಣಕ್ಕೆ ಎಲ್ಲರೂ ಹೋಗಿದ್ದರು. ನಾನು ಹೋಗಲಿಲ್ಲ.

ಭಾವ ಕಳೆದ ವರ್ಷ ತೀರಿಕೊಂಡರು. ಅದಕ್ಕೆ ಮೊದಲು ರಜೆಯಲ್ಲಿ ಎರಡು ಸಲ ಊರಿಗೆ ಹೋಗಿದ್ದೆ. ನಮ್ಮ ಮನೆಯಿಂದ ಅವರ ಮನೆಗೆ ಬಸ್ಸಿನಲ್ಲಿ ಅರ್ಧ ಗಂಟೆ. ಹೋಗಿ ಹೇಳಬಹುದಿತ್ತು. ನಾಚಿಕೆಯಾಯಿತು… ಈಗ ಆ ನಾಚಿಕೆಯನ್ನು ಎಲ್ಲಿ ಕೊಂಡುಹೋಗಿ ಇಡಲಿ?

"ಖಲಾಸ್," ಎಂದು ಅಂಗಡಿಯವನು ಕೀ ಕೊಟ್ಟ. ಹಳೆಯ ಟೈರುಗಳಲ್ಲಿ ಒಂದನ್ನು ಡಿಕ್ಕಿಗೆ ಹಾಕಿಸಿಕೊಂಡೆ. ಅವನಿಗೆ ನಗು. ರೀಮ್ ಐಲ್ಯಾಂಡಿನ ನನ್ನ ಫ್ಲಾಟಿನಲ್ಲಿ ಅದು ಬಾಲ್ಕನಿಯಲ್ಲಿದೆ. ಕೋಲು ಎರಡೂ ಕಪಾಟಿನಲ್ಲಿವೆ, ಭಾವನ ಕೈಗೆ ಕೊಟ್ಟುಬರಬೇಕಾಗಿದ್ದ ಕೋಲುಗಳು. ತಂಡದ ಒಬ್ಬ ಹೇಳಿದ್ದು ನೆನಪಾಗುತ್ತದೆ. ಭಾವ ಇಲ್ಲಿಂದ ಹೋಗುವ ತನಕ ಆ ನಾಲ್ಕನೆಯ ಜಾಗದಲ್ಲಿ ಯಾರನ್ನೂ ನಿಲ್ಲಿಸಲಿಲ್ಲವಂತೆ.